ಇತರೆ

ತಿಂಗಳಿಗೊಂದು ಮಂಗಳವಾರ
ಹಾಸನದ ಜೈಲಿನ ಗಿಡ್ಡ ಬಾಗಿಲಲ್ಲಿ ತಲೆ ತಗ್ಗಿಸಿ
ಒಳಗೆ ಹೋಗುತ್ತೇನೆ. ಮೊಬೈಲು ಗೇಟಿನಲ್ಲಿ,
ಐಸ್ ಡಬ್ಬಿ ಹೆಗಲಲ್ಲಿ.
ಸೂಜಿಗಳನ್ನು ಎಣಿಸಿ ಒಳಗೆ ಬಿಡುತ್ತಾರೆ,
ಎಣಿಸಿ ಹೊರಗೆ.

ಅಲ್ಲಿ ನನ್ನ ಹೆಸರು ಸೂಜಿಯಕ್ಕ.
ಸಾಲಾಗಿ ಕೂತು ತೋಳು ಚಾಚುತ್ತಾರೆ.
ಕಳ್ಳತನದ ತೋಳು, ಕೊಡಲಿಯ ತೋಳು,
ಚೆಕ್ ಬೌನ್ಸಿನ ಮೆತ್ತನೆ ತೋಳು.
ರಬ್ಬರು ಬಿಗಿದ ಮೇಲೆ ಎಲ್ಲ ಒಂದೇ.
ಒಂದೊಂದು ನರ ಮಾತ್ರ ಪಕ್ಕಕ್ಕೆ ಜಾರುತ್ತದೆ
ಸಾಕ್ಷಿ ಹೇಳಲು ಒಲ್ಲದವನ ಹಾಗೆ.

ನನ್ನ ಹತ್ತಿರ ಒಂದು ಫಾರಂ ಇದೆ.
ಸೋಂಕು ಬಂದಿರಬಹುದಾದ ದಾರಿ, ಗುರುತು ಹಾಕಿ:
ಹೆಂಡತಿ. ಹಣ ಕೊಟ್ಟ ಹೆಂಗಸು. ಸೂಜಿ. ರಕ್ತ. ತಾಯಿ.
ಕೊನೆಗೊಂದು ಚೌಕ, ಇತರೆ.

ಲೋಹಿತ, ವಿಚಾರಣಾಧೀನ, ಇಪ್ಪತ್ತಾರು,
ಆಲೂರು ಕಡೆಯವನು. ಮುಂಗೈ ಮೇಲೆ ಹಸಿ ಹಚ್ಚೆ,
ರೀಫಿಲ್ಲಿನ ಮಸಿಯದು, ಬ್ಯಾರಕ್ಕಿನಲ್ಲೇ ಹಾಕಿದ್ದು.
"ಅದೇ ಸೂಜೀಲಿ ಏಳು ಜನ ಕಣಕ್ಕ,
ಒಂದೇ ಬ್ಲೇಡಲ್ಲಿ ಭಾನ್ವಾರ ಹತ್ತು ಗಡ್ಡ."
ಬರೆದುಕೊಂಡೆ. ಅದು ಬಿಟ್ಟು?
ವಾರ್ಡರು ಬಾಗಿಲ ಬಳಿ ಎಲೆಗೆ ಸುಣ್ಣ ಸವರುತ್ತಿದ್ದ.
ಲೋಹಿತ ನನ್ನ ಪೆನ್ನು ಇಸಕೊಂಡು
ಕೊನೆಯ ಚೌಕದಲ್ಲಿ ತಾನೇ ಗುರುತು ಹಾಕಿದ,
ಕಾಪಿ ಹೊಡೆಯುವ ಹುಡುಗನಂತೆ, ಕೈ ಅಡ್ಡ ಇಟ್ಟುಕೊಂಡು.

ಕಾಂಡೋಮು ಇಡೋಣ ಸಾರ್ ಎಂದು ಕೇಳಿದ್ದೆ ಒಮ್ಮೆ.
ಸಾಹೇಬರು ನಕ್ಕರು:
"ಒಳಗಿರೋರೆಲ್ಲ ಗಂಡಸರಮ್ಮ, ಯಾತಕ್ಕೆ?"
ಅರವತ್ತು ಜನರ ಜಾಗದಲ್ಲಿ ನೂರ ಹತ್ತು.
ಮಗ್ಗುಲು ಬದಲಿಸಲು ಪಕ್ಕದವನನ್ನು ಕೇಳಬೇಕು.
ಕೇಳುವುದು, ಕೊಡುವುದು, ಕಿತ್ತುಕೊಳ್ಳುವುದು,
ಕತ್ತಲಲ್ಲಿ ಯಾವುದು ಯಾವುದು ಎಂದು ಬರೆಯಲು
ಫಾರಮ್ಮಿನಲ್ಲಿ ಗೆರೆಯಿಲ್ಲ.

ಶುಕ್ರವಾರ ಅವನಿಗೆ ಜಾಮೀನು ಸಿಕ್ಕಿತು.
ಸೋಮವಾರ ಚೀಟಿ ಬಂತು. ಎಚ್‌ಐವಿ. ಮೂರೂ ಪರೀಕ್ಷೆ
ಒಂದೇ ಮಾತು ಹೇಳಿದವು.
ಅಂಚೆಗೆ ಹಾಕುವಂತಿಲ್ಲ. ನಮ್ಮ ಲಕೋಟೆ ಕಂಡರೆ
ಒಡೆಯುವ ಮೊದಲೇ ಊರು ಓದುತ್ತದೆ.

ಹದಿನೈದು ದಿನ ಹುಡುಕಿದೆ.
ಸಿಕ್ಕಿದ್ದು ಮಂಡಿಯಲ್ಲಿ, ಚೀಲ ಹೊರುತ್ತಾ,
ಬಿತ್ತನೆ ಆಲೂಗಡ್ಡೆಯ ಕಾಲ.
ಜಗಲಿಯಲ್ಲಿ ಹೆಂಗಸರು ಗಡ್ಡೆ ಹೆಚ್ಚುತ್ತಿದ್ದರು,
ಒಂದೊಂದು ಹೋಳಿಗೆ ಒಂದೊಂದು ಕಣ್ಣು ಬರುವಂತೆ.
ಒಳಗೆ ಕಪ್ಪಾದದ್ದು ಸಿಕ್ಕಿದರೆ ಬದಿಗಿಟ್ಟು,
ಕತ್ತಿಯನ್ನು ಔಷಧಿ ನೀರಿಗೆ ಅದ್ದಿ,
ಆಮೇಲೆ ಮುಂದಿನದು.
ಅವರನ್ನು ಯಾರೂ ಯಾತಕ್ಕೆ ಎಂದು ಕೇಳಲಿಲ್ಲ.

ಲಾರಿಯ ಹಿಂದೆ ನಿಂತು ಹೇಳಿದೆ.
ದಿನಕ್ಕೆ ಒಂದು ಮಾತ್ರೆ. ತಪ್ಪಿಸಬಾರದು. ಪುಕ್ಕಟೆ.
ಸಾಯುವ ಕಾಯಿಲೆಯಲ್ಲ ಈಗ.
ನೂರಾರು ಸಲ ಹೇಳಿದ್ದು, ಆದರೂ ನಾಲಗೆ ಒಣಗಿತು.
ಅವನು ಉಗುರಿನ ಮಣ್ಣು ಕೆರೆಯುತ್ತಿದ್ದ.
"ಚಲುವರಾಜಂಗೂ ಐತಾ?"
ಅದನ್ನ ನಾನು ಹೇಳೋ ಹಾಗಿಲ್ಲ.
"ನಾನು ಕೊಟ್ನಾ, ಅವ್ನು ಕೊಟ್ನಾ?"
ಅದನ್ನ ರಕ್ತ ಹೇಳಲ್ಲಪ್ಪ.
"ಹೇಳ್ದೆ ಇದ್ರೆ ಒಳ್ಳೇದೇ ಬುಡಿ," ಎಂದ. ಸ್ವಲ್ಪ ಹೊತ್ತು ಬಿಟ್ಟು,
"ಅವ್ನಿಗೊಂದು ಹೊಸ ಬ್ಲೇಡು ಕೊಡಕ್ಕಾಯ್ತದಾ?"

ಆಗುವುದಿಲ್ಲ. ಬ್ಲೇಡೂ ಎಣಿಕೆಯಲ್ಲಿದೆ.

ಮುಂದಿನ ಮಂಗಳವಾರ ಚಲುವರಾಜ ಎದುರಿಗೆ ಕೂತ.
ಮಾತ್ರೆ ಶುರುವಾಗಿ ತಿಂಗಳು. ವಾಂತಿ ನಿಂತಿದೆಯಂತೆ.
ಯಾರ ಹೆಸರನ್ನೂ ಎತ್ತಲಿಲ್ಲ.
ಹತ್ತಿ ಒರೆಸುವಾಗ ಮಾತ್ರ, ಗೋಡೆ ನೋಡುತ್ತಾ,
"ಮಂಡೀಲಿ ಆಲೂಗಡ್ಡೆ ಹೆಂಗೈತಕ್ಕ?"
ರೇಟು ಹೇಳಿದೆ.
ಹೊರುವವರು ದಿನಾ ಬರುತ್ತಾರೆ ಎಂದೆ,
ಒಂದು ದಿನವೂ ತಪ್ಪಿಸುವುದಿಲ್ಲ ಎಂದೆ.

ಅವನ ನರ ಯಾವಾಗಲೂ ಜಾರುತ್ತದೆ.
ಅವತ್ತು ಎರಡನೇ ಸಲಕ್ಕೆ ಸಿಕ್ಕಿತು.