ಏಡಿಯಂಥದ್ದು

ಡೆಲೀನ. ಇದು ಕುಲದ ಹೆಸರು. ಡ್ರಾಯರಿನ ಹಣೆಗೆ
ಹಿತ್ತಾಳೆ ಚೌಕಟ್ಟಿನಲ್ಲಿ ನನ್ನದೇ ಅಕ್ಷರ.
ಒಳಗೆ ಸೀಸೆಗಳು: ಒಂದಕ್ಕೆ ಬೆಟ್ಟದ ಹೆಸರು,
ಒಂದಕ್ಕೆ ದ್ವೀಪದ್ದು, ಇನ್ನೊಂದು ಕರಿಹಣೆ.
ಬಲೆ ನೇಯದ ಜೇಡಗಳು,
ಬಹುಪಾಲು ಒಂಟಿ ಬೇಟೆಯವು,
ಓಡಿ ಹಿಡಿದು ಉಂಡು
ಮತ್ತೊಂದರ ಗೊಡವೆಗೆ ಹೋಗದವು.
ಒಂದಕ್ಕೆ ಒಂದು ಸೀಸೆ, ಒಂದು ಚೀಟಿ:
ಮ್ಯೂಸಿಯಮ್ಮಿನ ಕಟ್ಟಳೆ.
ಹತ್ತೊಂಬತ್ತು ವರ್ಷ ನನಗೂ ಅದು ಸರಿಕಂಡಿತ್ತು.

ಮಂಗಳವಾರ ಲೊಸಲೀನೆ ಬಂದಳು,
ಎವನ್‌ಡೇಲಿನಿಂದ ಎರಡು ಬಸ್ಸು ಬದಲಿಸಿ,
ಐಸ್‌ಕ್ರೀಮಿನ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ.
"ಮನೆಯೊಡೆಯನ ಆಳುಗಳು ಒಣ ವಾಟಲ್ ಮರ ಕಡಿದರು.
ತೊಗಟೆ ಸುಲಿದು ಔಷಧಿ ಹೊಡೆದರು.
ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿದ್ದೆ.
ಏಳು ವರ್ಷದ ನೆರೆಹೊರೆ ನೋಡು.
ಬಾಡಿಗೆ ಕೊಡಲಿಲ್ಲ ನಿಜ,
ಗದ್ದಲವನ್ನೂ ಮಾಡಲಿಲ್ಲ."

ಮುಚ್ಚಳ ತೆಗೆದೆ.
ಒಂದು ಅಂಗೈಯಗಲ, ಚಪ್ಪಟೆ.
ಉಳಿದವು ಮೂರು ಅಳತೆ,
ದೊಡ್ಡವನ ಅಂಗಿ ನಡುವಿನವನಿಗೆ
ನಡುವಿನವನದು ಕಿರಿಯನಿಗೆ ಇಳಿದುಬರುವ ಮನೆಯಂತೆ.
ಏಡಿಯಂಥದ್ದು ಎಂದು ಇದಕ್ಕೆ ಹೆಸರಿಟ್ಟವನು
ಕಾಲನ್ನಷ್ಟೇ ನೋಡಿದ್ದ.
ಒಬ್ಬ ತಾಯಿ, ಮೂರು ಸೂಲಿನ ಮಕ್ಕಳು,
ತೊಗಟೆ ಇದ್ದಷ್ಟೇ ಕಾಲು ಚಾಚಿ
ಯಾವುದೋ ಒಂದು ತಂದ ಜಿರಲೆಗೆ ನಾಲ್ಕು ಬಾಯಿ.
ರೈಲುಹಳಿಯ ದಿಮ್ಮಿಗಳ ಸಂದಿಯಲ್ಲಿ
ಆಸ್ಟ್ರೇಲಿಯಾದಿಂದ ಬಂದವಂತೆ, ನೂರು ವರ್ಷದ ಮಾತು.
ಕಡಲು ದಾಟುವಾಗಲೂ
ಒತ್ತಿಕೊಂಡೇ ಕೂತಿರಬೇಕು.

"ಎಲ್ಲಿಡುತ್ತೀ?" ಎಂದಳು. ಸೀಸೆಗಳ ಸಾಲು ತೋರಿಸಿದೆ.
ತುಟಿಯಲ್ಲೇ ಎಣಿಸುತ್ತಾ ಹೋದಳು, ಅರ್ಧಕ್ಕೆ ಬಿಟ್ಟಳು.
"ಇಷ್ಟೊಂದು ಕೋಣೆ ಯಾಕೆ?
ನಾವು ಒಂಬತ್ತು ಜನ, ಎರಡು ಕೋಣೆ.
ಒಬ್ಬನ ಕೆಮ್ಮು ಎಲ್ಲರಿಗೂ ಗೊತ್ತು."
ಡಬ್ಬಿ ತೊಳೆದು ಕೊಡು ಅಂದಳು, ತೊಳೆದುಕೊಟ್ಟೆ.
ಟವೆಲು ಮಡಚಿಕೊಂಡು ಹೋದಳು.

ಆಮೇಲೆ ಬಹಳ ಹೊತ್ತು ಚಿಮಟ ಹಿಡಿದು ಕೂತಿದ್ದೆ.
ಮೊದಲನೆಯದನ್ನು ಸೀಸೆಗಿಳಿಸಿ
ಮತ್ತೆ ಹೊರತೆಗೆದೆ.
ಕೆಳಗಿನ ಕಪಾಟಿನಲ್ಲಿ ಅಗಲ ಬಾಯಿಯ ಜಾಡಿಯೊಂದಿತ್ತು,
ಯಾರೋ ಉಪ್ಪಿನಕಾಯಿ ತಂದು ಮರೆತದ್ದು.
ತೊಳೆದರೂ ಸಾಸಿವೆಯ ವಾಸನೆ ಹೋಗಲಿಲ್ಲ.
ಸ್ಪಿರಿಟ್ಟು ತುಂಬಿದೆ.
ತಾಯಿ ಮೆಲ್ಲಗೆ ತಳಕ್ಕಿಳಿದಳು,
ಮಿಕ್ಕವು ಅವಳ ಮೇಲೆ, ಕಾಲಿಗೆ ಕಾಲು ಸಿಕ್ಕಿ,
ಯಾವ ಕಾಲು ಯಾರದೆಂದು ಹೇಳಲಾಗದಂತೆ.

ಚೀಟಿ ಬರೆದೆ: ಎವನ್‌ಡೇಲ್, ಹಿತ್ತಲ ವಾಟಲ್,
ತಂದವರು ಲೊಸಲೀನೆ ಮೊಆಲ.
ಜೀವ ಇಪ್ಪತ್ತಾರು. ಸೀಸೆ ಒಂದು.
'ಜೀವ' ಹೊಡೆದುಹಾಕಿ 'ಸಂಖ್ಯೆ' ಎಂದು ತಿದ್ದಿದೆ.

ಸೋಮವಾರ ಥಿಸಲ್‌ವುಡ್ ಮೇಡಂ ತಪಾಸಣೆಗೆ ಬರುತ್ತಾರೆ.
ಅವರ ಕಣ್ಣಿಗೆ ಬೀಳದೇ ಇರದು.
ಜಾಡಿಯ ಕತ್ತು ತಗಲಿ
ಡ್ರಾಯರು ಪೂರಾ ಮುಚ್ಚುವುದಿಲ್ಲ,
ಒಂದು ಬೆರಳಗಲ ಸಂದಿ
ಹಾಗೇ ಉಳಿಯುತ್ತದೆ.