ಕಲ್ಲಿನಡಿಯ ಗಾಳಿ

ಇಪ್ಪತ್ತೆರಡು ವರ್ಷ ಅದರ ಪಕ್ಕದಲ್ಲೇ ಹಾದಿದ್ದೇನೆ,
ಹೆಗಲಲ್ಲಿ ಅಂಚೆಚೀಲ, ದವಡೆಯಲ್ಲಿ ಪೆಪ್ಪರ್‌ಮೆಂಟು.
ಚರ್ಚಿನ ಮೋಟುಗೋಡೆಗೆ ಒರಗಿ ಕೂತ
ಊರಿನ ಸಂಗ್ರಾಣಿ ಕಲ್ಲು:
ಬೂದು, ಗುಂಡು, ಮೊಂಡರ ತಲೆಯ ಹಾಗೆ.
ತೂಕ, ಬಲ್ಲವರ ಪ್ರಕಾರ,
ಒಂದು ತುಂಬುಗಬ್ಬದ ಕುರಿ, ಮೇಲೊಂದು ಅರ್ಧ ಕುರಿ.

ಹಿಂದೆ ಕಿಲ್‌ವೊರಾನಿನ ಹುಡುಗರು
ಇದನ್ನೆತ್ತಿದ ದಿನ ಗಂಡಸರಾಗುತ್ತಿದ್ದರಂತೆ.
ಎದೆಗೇರಿಸಿದರೆ ಪೂರಾ ಗಂಡಸು,
ಮಂಡಿಗೆ ತಂದರೆ ಮುಕ್ಕಾಲು,
ನೆಲಕ್ಕೂ ಕಲ್ಲಿಗೂ ನಡುವೆ ಗಾಳಿ ನುಸುಳಿದರೆ
ಅದೂ ಲೆಕ್ಕಕ್ಕುಂಟು.
ಹೆಂಗಸು ಎತ್ತಿದರೆ ಏನಾಗುತ್ತಾಳೆ ಎಂದು
ಯಾರೂ ಬರೆದಿಟ್ಟಿಲ್ಲ.

ಮಾರ್ಚ್ ತಿಂಗಳ ಒಂದು ಮಂಗಳವಾರ.
ಪಾದ್ರಿಯ ಮನೆಗೆ ನೀರಿನ ಬಿಲ್ಲು,
ಬಿತ್ತನೆಬೀಜದ ಒಂದು ಕ್ಯಾಟಲಾಗು.
ವಿಶೇಷವೇನೂ ಇರಲಿಲ್ಲ, ನಂಬಿ.
ಯಾರೂ ಸತ್ತಿರಲಿಲ್ಲ,
ಯಾರೂ ನನ್ನ ಬಿಟ್ಟುಹೋಗಿರಲಿಲ್ಲ,
ಡಾಕ್ಟರು ಮುಖ ಸಪ್ಪಗೆ ಮಾಡಿ ಏನೂ ಹೇಳಿರಲಿಲ್ಲ.
ಬೂಟಿನ ಲೇಸು ಬಿಚ್ಚಿತ್ತು; ಕಟ್ಟಲು ಬಗ್ಗಿದೆ.
ಬಗ್ಗಿದರೆ ಕಲ್ಲು ಎದುರಿಗೇ ಇತ್ತು.
ಹೇಗೂ ಬಗ್ಗಿದ್ದೇನಲ್ಲ, ಅಂದುಕೊಂಡೆ.

ಮೊದಲ ಸಲ ಅದು
ನನ್ನ ಕಡೆ ತಿರುಗಿಯೂ ನೋಡಲಿಲ್ಲ.
ಎರಡನೆಯ ಸಲ ಸ್ಕರ್ಟಿನ ಗುಂಡಿ ಹಾರಿ
ಸಮಾಧಿಗಳ ಕಡೆ ಹೋಯಿತು.
ಬೇಲಿ ರಿಪೇರಿಗೆ ಬಂದಿದ್ದ ಮುದುಕ ಫಾರ್ಕರ್
ಸುತ್ತಿಗೆ ಇಳಿಸಿ ಕೂಗಿದ:
“ಎಫೀ, ಏನು ಕಳಕೊಂಡೆ ಅಲ್ಲಿ?”
“ಗುಂಡಿ” ಅಂದೆ.
ಸುಳ್ಳಲ್ಲ.

ಮೂರನೆಯದು ಸರಿಯಾಗಿ ನೆನಪಿಲ್ಲ.
ಕೈಗವಸು ಕಿತ್ತೆಸೆದಿದ್ದೆ.
ಬೆರಳು ಹಾವಸೆಯೊಳಗೆ ಹುಗಿದು,
ಕೆನ್ನೆ ಕಲ್ಲಿಗೆ ಒತ್ತಿ ಹಿಡಿದು,
ಬೆನ್ನು ಏನೋ ಹೇಳಲು ಬಂತು, ಆಮೇಲೆ ಅಂದೆ.
ತೊಡೆಯೊಳಗೆ ಯಾರೋ ಎದ್ದು ನಿಂತ ಹಾಗಾಯಿತು,
ನನಗಿಂತ ಎತ್ತರದ ಯಾರೋ.
ಆಗ ನೆಲ ಅದನ್ನು ಬಿಟ್ಟುಕೊಟ್ಟ ಸದ್ದು:
ಮಗು ಮೊಲೆಯಿಂದ ಬಾಯಿ ತೆಗೆವಾಗಿನ
ಪುಟ್ಟ ಒದ್ದೆ ಸದ್ದು.

ಒಂದು ಗೇಣಿಲ್ಲ. ಮೂರು ಬೆರಳಿರಬಹುದು.
ಗುಡ್ಡದಿಂದ ಇಳಿದು ಬಂದ ಗಾಳಿ
ಹೊಸ ಬಾಗಿಲು ಕಂಡ ಬೆಕ್ಕಿನಂತೆ
ಅಡಿಯಲ್ಲಿ ನುಸುಳಿ
ನನ್ನ ಕಣಕಾಲಿಗೆ ಮೈ ಉಜ್ಜಿತು.

ಬಿಟ್ಟೆ. ಬಿದ್ದು ಅರ್ಧ ಸುತ್ತು ಉರುಳಿತು.
ಅದು ಕೂತಿದ್ದ ಜಾಗದಲ್ಲಿ
ಬಿಸಿಲೇ ಕಾಣದ ಹುಲ್ಲು,
ಅಜ್ಜಿಯರ ತಲೆಯಷ್ಟು ಬಿಳಿ, ಬಾಚಿಟ್ಟಷ್ಟು ನೀಟು;
ಒಂದು ಎರೆಹುಳ, ನನ್ನಷ್ಟೇ ಕಕ್ಕಾಬಿಕ್ಕಿ.
ಕ್ಷಮಿಸು ಅಂದೆ ಅದಕ್ಕೆ.
ಕಾಲಿನಿಂದ, ಸೊಂಟದಿಂದ ತಳ್ಳಿ ತಳ್ಳಿ
ಮತ್ತೆ ಕಲ್ಲು ಮುಚ್ಚಿಕೊಟ್ಟೆ.

ಫಾರ್ಕರ್ ಚಪ್ಪಾಳೆ ತಟ್ಟಲಿಲ್ಲ.
“ಗಾಳಿ ಹೋಯ್ತು” ಅಂದ,
ರೇಡಿಯೋದಲ್ಲಿ ಹವಾಮಾನ ಹೇಳುವವನ ದನಿಯಲ್ಲಿ.
ಮತ್ತೆ ಮೊಳೆ ಹೊಡೆಯತೊಡಗಿದ.

ಸಿಕ್ಕಿದ್ದೇನು ಅಂತ ಕೇಳುತ್ತೀರಿ.
ಅಂಚೆ ನಲವತ್ತು ನಿಮಿಷ ತಡವಾಯಿತು.
ಊರಿನ ಕಾಗದಗಳಿಗೆಲ್ಲ ಹಸಿರು ಹೆಬ್ಬೆಟ್ಟಿನ ಗುರುತು.
ರಾತ್ರಿ ಕೆಟಲ್ ಎತ್ತಲು ಎರಡು ಕೈ ಬೇಕಾಯಿತು.
ಸ್ವೆಟರ್ ತೆಗೆಯಲು ತೋಳು ಮೇಲೇಳದೆ
ರೂರಿ ನನ್ನ ತಲೆಯ ಮೇಲಿಂದ ಎಳೆದು ತೆಗೆದ,
ಶಾಲೆಯಿಂದ ನೆನೆದು ಬಂದ ಮಗುವಿಗೆ ಮಾಡುವಂತೆ.
ಏನಾಯಿತು ಅಂದ. ಕಲ್ಲು ಅಂದೆ.
ನಕ್ಕ. ಅರ್ಧಕ್ಕೇ ನಗು ನಿಲ್ಲಿಸಿ
“ಎಷ್ಟು?” ಅಂದ.
ಇಷ್ಟು, ಅಂತ ಮೂರು ಬೆರಳು ಅಡ್ಡ ಹಿಡಿದೆ.
ನಡುಗುತ್ತಿದ್ದವು.
ಅವನೂ ತನ್ನ ಮೂರು ಬೆರಳು ಅಡ್ಡ ಹಿಡಿದು
ದೀಪದಡಿ ತುಂಬ ಹೊತ್ತು ನೋಡಿದ.
ಅವನು ಎಂದೂ ಎತ್ತಿದವನಲ್ಲ.

ಅಂದು ಮಲಗಿದಾಗ ಗೊತ್ತಾಯಿತು
ನನ್ನ ಮೈ ಎಲ್ಲಿಂದ ಎಲ್ಲಿವರೆಗಿದೆ ಎಂದು,
ಒಂದೊಂದು ಸ್ನಾಯುವೂ ತನ್ನ ವಿಳಾಸ ಹೇಳುತ್ತಿತ್ತು.

ಈಗಲೂ ಅದೇ ದಾರಿ, ಅದೇ ಚೀಲ.
ಮತ್ತೆ ಎತ್ತಲು ಹೋಗಿಲ್ಲ; ಪರಿಚಯವಾಗಿದೆ, ಸಾಕು.
ಸ್ಕರ್ಟಿಗೆ ಇನ್ನೂ ಪಿನ್ನೇ.
ಸಮಾಧಿಗಳ ನಡುವೆ ನಿಮಗೆಲ್ಲಾದರೂ ಸಿಕ್ಕರೆ,
ಕಪ್ಪು, ನಾಲ್ಕು ತೂತಿನದು,
ಅಲ್ಲೇ ಇರಲಿ ಬಿಡಿ.