ಹಬೀಸ್

ಚರ್ಚಿನ ಗುಂಪಿನ ಜೊತೆ ಹೊರಟಿದ್ದು ಪುಣ್ಯಭೂಮಿಗೆ.
ಮೂವತ್ತೆರಡು ಜನ, ಎಲ್ಲರಿಗೂ ಹಳದಿ ಟೋಪಿ,
ಕೊನೆಯ ಮೂರು ದಿನ ಕೈರೋ.
ರೆಜಿನಾ ಇದಕ್ಕೆಂದೇ ಒಂಬತ್ತು ವರ್ಷ ಚೀಟಿ ಕಟ್ಟಿದ್ದಳು.
ನನಗೆ ಹೇಳಿದ್ದು, ಪಾಸ್‌ಪೋರ್ಟಿಗೆ ಫೋಟೋ ತೆಗೆಸುವ ದಿನ.

ಭದ್ರಾವತಿ ಬಿಟ್ಟು ನಾನು ದೂರ ಹೋದವನಲ್ಲ,
ಮೇಲೆ ಹೋದವನು:
ನೆಲದಿಂದ ನಲವತ್ತು ಅಡಿ, ಕ್ರೇನಿನ ಗೂಡಿನಲ್ಲಿ
ಮೂವತ್ತೊಂದು ವರ್ಷ, ಮೂರೂ ಪಾಳಿ.
ಕೆಳಗೆ ಕುದಿಯುವ ಕಬ್ಬಿಣ. ಹೊಗೆಯೊಳಗೆ
ಜಡೆಯಪ್ಪನ ಕೈ ಮಾತ್ರ ಕಾಣುತ್ತಿತ್ತು.
ಬೆರಳು ಮೇಲೆ ತಿರುಗಿದರೆ ಹಬೀಸ್, ಎತ್ತು.
ಅಂಗೈ ಕೆಳಗೆ ಒತ್ತಿದರೆ ಆರಿಯಾ, ಇಳಿಸು.
ಯಾವ ಭಾಷೆಯ ಮಾತೋ, ನಾವು ಕೇಳಲಿಲ್ಲ.
ಹಡಗಿನವರದು ಅಂತ ಒಬ್ಬ ಫೋರ್‌ಮನ್ ಹೇಳಿದ್ದ,
ಕಡಲೇ ಕಾಣದ ಊರಿನಲ್ಲಿ.

ಪಿರಮಿಡ್ಡಿನ ಮುಂದೆ ಎಲ್ಲರೂ ಫೋಟೋಗೆ ನಿಂತರು.
ನಾನು ಕೆಳಸಾಲಿನ ಒಂದು ಕಲ್ಲಿಗೆ ಗೇಣು ಹಾಕಿದೆ.
ಎರಡೂವರೆ ಟನ್. ಹೆಚ್ಚೆಂದರೆ ಮೂರು.
ನನ್ನ ಕ್ರೇನಿಗೆ ಅದು ನಶ್ಯದ ಚಿಟಿಕೆ.
ಅಂಥವು ಇಪ್ಪತ್ತಮೂರು ಲಕ್ಷ ಎಂದ ಗೈಡು.
ಫಾದರ್ ಅದನ್ನು ಕನ್ನಡಕ್ಕೆ ತರುವಾಗ
ಒಂದು ಸೊನ್ನೆ ಬೀಳಿಸಿದರು, ಯಾರಿಗೂ ನಷ್ಟವಾಗಲಿಲ್ಲ.
ಕ್ರೇನಿಲ್ಲ, ರಾಟೆಯೂ ಇರಲಿಲ್ಲವಂತೆ.
ಹಗ್ಗ, ಮರದ ಹಲಗೆ, ನೀರು ಚಿಮುಕಿಸಿದ ಮರಳು,
ಮತ್ತೆ ಒಬ್ಬ, ಒಬ್ಬನಾದರೂ ಇದ್ದೇ ಇರಬೇಕು,
ಎದುರಿಗೆ ನಿಂತು ಕೈ ತೋರಿಸುವವನು.

ರಾಜನ ಹೆಸರನ್ನು ಗೈಡು ಆರೇಳು ಸಲ ಹೇಳಿದ.
ಕೊನೆಗೆ, ಬಸ್ಸು ಹತ್ತುವಾಗ,
ಮರೆತಿದ್ದೆ ಅನ್ನುವಂತೆ:
ಒಳಗೆ, ಬೆಳಕು ಬೀಳದ ಕಡೆ, ಕಲ್ಲು ಎಳೆದವರು
ಕೆಂಪು ಬಣ್ಣದಲ್ಲಿ ತಮ್ಮ ತಂಡದ ಹೆಸರು ಬರೆದಿದ್ದಾರೆ.
ನಾನು ಮೆಟ್ಟಿಲ ಮೇಲೇ ನಿಂತುಬಿಟ್ಟೆ.
ನನ್ನ ಗೂಡಿನ ತಗಡಿಗೆ, ಸೀಟಿನ ಹಿಂದೆ,
ಮೊಳೆಯಲ್ಲಿ ಗೀರಿದ್ದೆ:
ಬಿ ಪಾಳಿ. ಜಡೆಯಪ್ಪ. ಲೂರ್ದುಸ್ವಾಮಿ. ೮೭ನೇ ಇಸವಿ.
"ಹಿಂದೆ ಜನ ಇದಾರೆ, ಹತ್ರೀ" ಅಂದಳು ರೆಜಿನಾ.

ಸಂಜೆ ಪೇಟೆ.
ಶಿವಮೊಗ್ಗದ ಗಾಂಧಿ ಬಜಾರನ್ನು ಹಬ್ಬದ ಮುನ್ನಾದಿನ
ಇನ್ನೂ ಹತ್ತು ಗಾಂಧಿ ಬಜಾರು ಹೊಕ್ಕಹಾಗೆ.
ಹಾರನ್ನು, ತಾಮ್ರ ಬಡಿಯುವ ಸದ್ದು, ಸುಟ್ಟ ಮಾಂಸದ ಹೊಗೆ,
ತಲೆಯ ಮೇಲೆ ಮಂಚದಗಲ ಹಲಗೆ, ಹಲಗೆ ತುಂಬ ರೊಟ್ಟಿ,
ಒಂದೇ ಕೈಯಲ್ಲಿ ಸೈಕಲ್ ಬಿಡುವ ಹುಡುಗ.
(ಅವನನ್ನು ನಾನು ತಿರುವಿನವರೆಗೂ ನೋಡಿದೆ.)
ಎಲ್ಲದರ ಮೇಲೂ ಗೋಧಿಹಿಟ್ಟಿನಂಥ ಧೂಳು.
ನಮ್ಮದು ಕಪ್ಪು ಧೂಳು, ಒರೆಸಿದಷ್ಟೂ ಹರಡುತ್ತದೆ;
ಇದು ಊದಿದರೆ ಹೋಗುತ್ತದೆ, ಕೂಡಲೇ ಬರುತ್ತದೆ.

ಆಗ ಹಿಂದಿನಿಂದ ಯಾರೋ ಕೂಗಿದ: ಹಬೀ...
ನನ್ನ ಬಲಗೈ ತಾನಾಗಿ ಲಿವರಿಗೆ ಹೋಯಿತು.
ಗಾಳಿ ಸಿಕ್ಕಿತು.
ಎದುರಿನ ಅಂಗಡಿಯಿಂದ ಇನ್ನೊಬ್ಬ, ಮೂಲೆಯಿಂದ ಮತ್ತೊಬ್ಬ.
ಇಡೀ ಬಜಾರು ಎತ್ತು ಎತ್ತು ಅನ್ನುತ್ತಿದೆ,
ಏನನ್ನು ಎತ್ತಲಿ? ಕೆಳಗೆ ಜಡೆಯಪ್ಪನಿಲ್ಲ,
ಅವನು ಹೋಗಿ ಆರು ವರ್ಷ.
"ಅದು ಹಬೀಬಿ. ಪ್ರಿಯಾ ಅಂತ ಅರ್ಥ" ಫಾದರ್ ನಕ್ಕರು,
"ಇಲ್ಲಿ ಎಲ್ಲರೂ ಎಲ್ಲರಿಗೂ ಅನ್ನುತ್ತಾರೆ,
ಮಾರುವಾಗಂತೂ ಇನ್ನೂ ಜಾಸ್ತಿ."
ರೆಜಿನಾ ಬಾಯಿಗೆ ಸೆರಗು ಒತ್ತಿಕೊಂಡಳು.

ಬಂದ ಮಾರನೇ ದಿನ ಕಾರ್ಖಾನೆ ಗೇಟಿನೆದುರು ಚಹಾ.
"ಏನೇನು ನೋಡಿದೆ ಮಾರಾಯ?"
ಒಂದೊಂದು ಕಲ್ಲೂ ಎರಡೂವರೆ ಟನ್ ಅಂದೆ.
ಬೆಂಚಿನಲ್ಲಿದ್ದ ನಾಲ್ವರೂ ಗ್ಲಾಸು ಕೆಳಗಿಟ್ಟರು.
ಅವರಿಗೆ ಬೇರೆ ವಿವರ ಬೇಕಿರಲಿಲ್ಲ.
ಹಳೇ ಶೆಡ್ಡಿನ ಒಂದು ಬದಿ ತಗಡು ಹಾರಿತ್ತು,
ರಸ್ತೆಯಿಂದಲೇ ಕಾಣುತ್ತದೆ ಕ್ರೇನು,
ಕೊನೆಯ ಪಾಳಿಯವನು ಬಿಟ್ಟಲ್ಲೇ, ಕೊಕ್ಕೆ ಖಾಲಿ.
ವಾಚ್‌ಮನ್ ಒಳಗೆ ಬಿಡಲಿಲ್ಲ.
ಅಲ್ಲಾದರೆ ಟಿಕೆಟ್ಟಾದರೂ ಇತ್ತು.

ರಾತ್ರಿ ಸೂಟ್‌ಕೇಸನ್ನು ಅಟ್ಟಕ್ಕೆ ಸೇರಿಸಬೇಕಿತ್ತು.
ನಾನು ಸ್ಟೂಲಿನ ಮೇಲೆ. ಕೆಳಗೆ ಅವಳು,
ಎರಡೂ ಕೈಯಲ್ಲಿ ಅದನ್ನು ಹಿಡಿದು, ಮುಖ ಮೇಲೆತ್ತಿ
ಒಂದು ಮಾತು ಅಂದಳು. ಹಬೀ ಅಂತ ಶುರುವಾದ ಮಾತು.
ಅದರ ಬಾಲವನ್ನು ಕುಕ್ಕರಿನ ಸೀಟಿ ನುಂಗಿತು.
ನಲವತ್ತು ವರ್ಷದ ಸಂಸಾರ, ಇವಳಿಗೆ ಎರಡೂ ಗೊತ್ತು ಈಗ.
"ಏನಂದೆ?"
"ಎತ್ರೀ ಅಂದೆ. ಕೈ ನೋಯ್ತಿದೆ."